ಇಂದಿನ ಧಮ್ಮ ಚಿಂತನೆ: ಅಪ್ಪನ ಪಾಲು

 

ಇವತ್ತು ಕೊಡ್ಲಿಯಿಂದ ನನ್ನ ಸರದಿ. ಶಾಲೆಗಳಲ್ಲಿ ವಲಯ ಮಟ್ಟದ ಕ್ರೀಡಾಕೂಟದ ತಯಾರಿ ನಡೆದಿದೆ, ಅದಕ್ಕೆ ಗುಂಡು ಎಸೆತದಿಂದಲೇ ಸುರು ಮಾಡುತ್ತೇನೆ. ಧಮ್ಮ ಚಿಂತನೆಯಲ್ಲಿ ಆಟ ಎಲ್ಲಿಂದ ಬಂತು ಮಾಸ್ತರ್ ಎಂದು ಶಹಾಬಾದಿನ ಹಿರಿಯರು ಕೇಳಿಯೇ ಕೇಳುತ್ತಾರೆ. ಸ್ವಲ್ಪ ತಾಳ್ಮೆಯಿಂದ ಓದಬೇಕು.

1979ನೇ ಇಸವಿ. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಊರಿನ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಹುಡುಗ ಮೈಕೆಲ್ ಕಾರ್ಟರ್, ವಯಸ್ಸು 18. ಸ್ಯಾಕ್ರಮೆಂಟೊದಲ್ಲಿ ನಡೆದ ಕೂಟದಲ್ಲಿ 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ ತೂಕದ ಗುಂಡನ್ನು 81 ಅಡಿ ಮೂರೂವರೆ ಇಂಚು ದೂರ ಕಳಿಸಿದ. ಮೀಟರಿನಲ್ಲಿ ಹೇಳಿದರೆ 24.77. ನಾಲ್ಕು ದಶಕ ಕಳೆದರೂ ಆ ದೇಶದ ಹೈಸ್ಕೂಲು ಹುಡುಗರಲ್ಲಿ ಯಾರೂ ಅದನ್ನು ಮುರಿದಿಲ್ಲ. ರಯಾನ್ ಕ್ರೌಸರ್ ಎಂಬಾತ ಮೂರು ಒಲಿಂಪಿಕ್ ಚಿನ್ನ ಗೆದ್ದವನು. ದೊಡ್ಡವರ 7.26 ಕಿಲೋ ಗುಂಡನ್ನು 2023ರಲ್ಲಿ 23.56 ಮೀಟರ್ ಎಸೆದು ಲೋಕದಾಖಲೆ ಮಾಡಿದವನು. ಅವನಿಗೂ ಹೈಸ್ಕೂಲಿನಲ್ಲಿದ್ದಾಗ ಕಾರ್ಟರನ ಗುರುತು ಮುಟ್ಟಲಾಗಲಿಲ್ಲ.

ಗುಂಡು ಎಸೆತ ಅನ್ನುತ್ತೇವೆ, ಆದರೆ ನಿಯಮದ ಪ್ರಕಾರ ಅದನ್ನು ಎಸೆಯುವಂತಿಲ್ಲ. ಕುತ್ತಿಗೆಗೆ ತಾಗಿಸಿ ಹಿಡಿದು ಒಂದೇ ಕೈಯಿಂದ ತಳ್ಳಬೇಕು. ನಿಲ್ಲುವುದಕ್ಕೆ ಸಿಗುವುದು ಏಳು ಅಡಿ ಅಗಲದ ಒಂದು ವೃತ್ತ. ಅದರಾಚೆ ಕಾಲಿಟ್ಟರೆ ಎಷ್ಟು ದೂರ ಹೋದರೂ ಲೆಕ್ಕಕ್ಕಿಲ್ಲ. ಏಳು ಅಡಿಯಲ್ಲಿ ನಿಂತು 81 ಅಡಿ!

ಕಾರ್ಟರ್ ಕಪ್ಪು ಜನಾಂಗದವನು. ಅವನು ಹುಟ್ಟಿದ್ದು 1960ರಲ್ಲಿ. 1954ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ತೀರ್ಪು ಕೊಡುವವರೆಗೂ ಟೆಕ್ಸಾಸಿನಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಬೇರೊಂದು ಶಾಲೆ ಎಂಬುದು ಕಾನೂನೇ ಆಗಿತ್ತು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. 1946ರಲ್ಲಿ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂಬ ಮಾತನ್ನು ತಿಳಿಸಿದರು. ಹಾಗಾಗಿ ಡಲ್ಲಾಸ್ ನಮಗೆ ಅಷ್ಟೇನೂ ದೂರದ ಊರಲ್ಲ.

ಭಗವಾನರು 'ಮಾನ'ದ ಬಗ್ಗೆ ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಪಾಲಿಯಲ್ಲಿ ಮಾನ ಎಂದರೆ ನಾವು ಕನ್ನಡದಲ್ಲಿ ಹೇಳುವ ಮರ್ಯಾದೆಯಲ್ಲ, ತನ್ನನ್ನು ಇನ್ನೊಬ್ಬರ ಪಕ್ಕ ಇಟ್ಟು ತೂಗುವ ಮನಸ್ಸು. ಅದು ಮೂರು ಬಗೆ: ನಾನು ಅವನಿಗಿಂತ ಮೇಲು, ನಾನು ಅವನಿಗೆ ಸಮ, ನಾನು ಅವನಿಗಿಂತ ಕೀಳು. ಮೊದಲನೆಯದು ಅಹಂಕಾರವೆಂದು ಎಲ್ಲರಿಗೂ ಗೊತ್ತು. ಮೂರನೆಯದನ್ನು ಮಾತ್ರ ನಮ್ಮ ಕೇರಿಯವರಿಗೆ ಎಷ್ಟೋ ತಲೆಮಾರು ವಿನಯ, ಸಜ್ಜನಿಕೆ ಎಂದು ಕಲಿಸಿದರು. ಭಗವಾನರು ಅದನ್ನೂ ಕಟ್ಟು ಎಂದೇ ಎಣಿಸಿದರು, ಬಿಡಬೇಕು ಎಂದೇ ಹೇಳಿದರು. "ಬೌದ್ಧರಾದ ಮೇಲೆ ಅಭಿಮಾನ ಯಾಕೆ, ತಗ್ಗಿ ಬಗ್ಗಿ ನಡೀರಿ" ಎಂದು ಉಪದೇಶ ಮಾಡುವವರು ಈ ಮೂರನೆಯದನ್ನು ಓದಿರುವುದಿಲ್ಲ. ಅಳತೆಯ ಟೇಪು ಎಸೆದವನ ಜಾತಿ ಬಣ್ಣ ಕೇಳುವುದಿಲ್ಲ. ಗುಂಡು ಬಿದ್ದ ಕಡೆ ಮಣ್ಣಿನಲ್ಲಿ ಒಂದು ಗುಳಿ, ಅಷ್ಟೇ. ಅದು ಅವನ ಕರ್ಮದ ಗುರುತು, ಜನ್ಮದ್ದಲ್ಲ. ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ತರುಣರಿಗೆ ಭಗವಾನರು ತಿಳಿಹೇಳಿದ್ದೂ ಇದನ್ನೇ.

ಇನ್ನು ದಾಖಲೆ ಅಲ್ಲೇ ಬಿಟ್ಟು ಮುಂದಿನದಕ್ಕೆ ಬರೋಣ. ಕಾರ್ಟರ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ, ಆಮೇಲೆ ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರು ಮಾಡಿದ. ಅವನಿಗೆ ಮಿಶೆಲ್ ಎಂಬ ಮಗಳು. ಡಿಸ್ಲೆಕ್ಸಿಯಾ ಇದ್ದ ಕೂಸು, ಅಂದರೆ ಅಕ್ಷರ ಕೂಡಿಸಿ ಓದುವುದೇ ಕಷ್ಟ. (ಅಂಥ ಮಕ್ಕಳನ್ನು ದಡ್ಡರೆಂದು ಹಿಂದಿನ ಬೆಂಚಿಗೆ ಕಳಿಸುವ ಕೆಲಸ ನಮ್ಮ ವೃತ್ತಿಯಲ್ಲಿ ಇನ್ನೂ ನಿಂತಿಲ್ಲ.) ಶಾಲೆಯಲ್ಲಿ ಗುಂಡು ಹಿಡಿದಳು. ಅಪ್ಪನೇ ಅವಳಿಗೆ ತರಬೇತಿ ಕೊಟ್ಟ. 2016ರ ಆಗಸ್ಟ್ 12, ರಿಯೋ ಒಲಿಂಪಿಕ್ಸ್. ಎದುರಿಗೆ 2008 ಮತ್ತು 2012ರ ಚಾಂಪಿಯನ್, ನ್ಯೂಜಿಲೆಂಡಿನ ವ್ಯಾಲೆರಿ ಆಡಮ್ಸ್. ಐದು ಎಸೆತ ಮುಗಿದರೂ ಮಿಶೆಲ್ ಎರಡನೇ ಸ್ಥಾನದಲ್ಲೇ ಇದ್ದಳು. ಆರನೆಯದು, ಕೊನೆಯದು, 20.63 ಮೀಟರ್. ಮಹಿಳೆಯರ ಗುಂಡು ಎಸೆತದಲ್ಲಿ ಅಮೆರಿಕಕ್ಕೆ ಅದೇ ಮೊದಲ ಚಿನ್ನ.

ಅಪ್ಪನಿಂದ ಅವಳಿಗೆ ಬಂದದ್ದೇನು? ಆ 81 ಅಡಿ ಬರಲಿಲ್ಲ. ಅದು ಇವತ್ತಿಗೂ ಅವನ ಹೆಸರಿನಲ್ಲೇ ಇದೆ, ಮಗಳಿಗೆ ಬರೆದುಕೊಡಲು ಬರುವುದಿಲ್ಲ. ಅವಳು ಒಂದು ಅಡಿ ಸಾಲವನ್ನೂ ತೆಗೆದುಕೊಳ್ಳದೆ ಸೊನ್ನೆಯಿಂದಲೇ ಅಳೆಸಿಕೊಳ್ಳಬೇಕಾಯಿತು. ಬಂದದ್ದು ಅಭ್ಯಾಸ.

ವಿನಯದ ಮಹಾವಗ್ಗದಲ್ಲಿ ರಾಹುಲನ ಪ್ರಸಂಗವಿದೆ. ಭಗವಾನರು ಕಪಿಲವಸ್ತುವಿಗೆ ಬಂದಾಗ ತಾಯಿ ಮಗನಿಗೆ ಹೇಳುತ್ತಾಳೆ: ಅವರೇ ನಿನ್ನ ತಂದೆ, ಹೋಗಿ ನಿನ್ನ ಪಾಲು ಕೇಳು. ಏಳು ವರ್ಷದ ಹುಡುಗ ಬೆನ್ನು ಹತ್ತಿ ನಡೆದು ಕೇಳಿಯೇ ಕೇಳಿದ. ಭಗವಾನರು ಇಲ್ಲ ಎನ್ನಲಿಲ್ಲ, ಗದರಲೂ ಇಲ್ಲ. ಸಾರಿಪುತ್ತರನ್ನು ಕರೆದು ಇವನಿಗೆ ಪ್ರವ್ರಜ್ಯೆ ಕೊಡು ಎಂದರು. ಶುದ್ಧೋದನನಿಗೆ ಇದರಿಂದ ಆದ ಸಂಕಟವನ್ನೂ ಗ್ರಂಥ ಮುಚ್ಚಿಡುವುದಿಲ್ಲ. ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ಪ್ರವ್ರಜ್ಯೆ ಕೊಡಬಾರದು ಎಂಬ ನಿಯಮ ಬಂದದ್ದು ಆ ಮುದುಕನ ಕಣ್ಣೀರಿನಿಂದಲೇ.

ಆ ಪಾಲಿನಲ್ಲಿ ಏನಿತ್ತು ಎಂಬುದು ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಸಿಗುತ್ತದೆ. ಕನ್ನಡಿ ಯಾತಕ್ಕಿದೆ ರಾಹುಲ ಎಂದು ಕೇಳುತ್ತಾರೆ. ನೋಡಿಕೊಳ್ಳಲು, ಎನ್ನುತ್ತಾನೆ. ಹಾಗೆಯೇ ಒಂದು ಕೆಲಸ ಮಾಡುವ ಮೊದಲು ನೋಡು, ಮಾಡುತ್ತಿರುವಾಗ ನೋಡು, ಮಾಡಿದ ಮೇಲೂ ನೋಡು, ಅದರಿಂದ ನಿನಗೆ, ಬೇರೆಯವರಿಗೆ ನೋವಾಗುತ್ತದೆಯೇ ಎಂದು. ಒಳ್ಳೆಯ ಪಿ.ಟಿ. ಮಾಸ್ತರು ಮೈದಾನದಲ್ಲಿ ಮಾಡಿಸುವುದೂ ಇದೇ ಮೂರು ಸಲದ ನೋಟ. ಕಾಲು ಎಲ್ಲಿಡುತ್ತಿ, ಈಗ ಮೊಣಕೈ ಎಲ್ಲಿದೆ, ಬಿಟ್ಟ ಮೇಲೆ ಮೈ ಯಾವ ಕಡೆ ವಾಲಿತು. ರಾಜ್ಯ ಕೊಡಬಹುದಾಗಿದ್ದ ತಂದೆ ಮಗನಿಗೆ ಕೊಟ್ಟದ್ದು ಒಂದು ಅಭ್ಯಾಸ.

ಪಾಲು ಕೇಳದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ಚಿತ್ತಾಪುರ ಸೀಮೆಯ ಸನ್ನತಿಯೇ ಸಾಕು. ಅಶೋಕನ ಶಾಸನದ ಬಂಡೆ ಅಲ್ಲಿ ದೇವಿಯ ಮೂರ್ತಿಗೆ ಪೀಠವಾಗಿ ಎಷ್ಟೋ ಕಾಲ ಬಿದ್ದಿತ್ತು. 1986ರಲ್ಲಿ ಗುಡಿಯ ಮಾಳಿಗೆ ಕುಸಿದಾಗಲೇ ಅದರ ಅಕ್ಷರ ಬೆಳಕು ಕಂಡಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕೋ' ಎಂದು ಹೆಸರು ಕೆತ್ತಿದ ಶಿಲ್ಪ ಸಿಕ್ಕಿತು. ನಮ್ಮ ಭೀಮಾ ತೀರದ ಕಲ್ಲು, ನಮ್ಮದೇ ಧಮ್ಮ, ಓದುವವರಿಲ್ಲದೆ ಮಣ್ಣಿನಲ್ಲಿತ್ತು. ಏಪ್ರಿಲ್ 14ಕ್ಕೆ ಮೆರವಣಿಗೆ ಮಾಡಿ, ಡಿಜೆ ಹಚ್ಚಿ, ಬಾಬಾಸಾಹೇಬರ ಪುಸ್ತಕ ಮಾತ್ರ ಕಪಾಟಿನಿಂದ ಇಳಿಸದಿದ್ದರೆ ನಾವೂ ಬಂಡೆಯನ್ನು ಪೀಠ ಮಾಡಿಕೊಂಡವರೇ. ಕಟುವಾಯಿತೇನೋ, ಆದರೂ ಇರಲಿ.

ನನ್ನ ತರಗತಿಯಲ್ಲಿ ಈ ವರ್ಷ ಗುಂಡು ಹಿಡಿದ ಒಬ್ಬ ಹುಡುಗಿ ಇದ್ದಾಳೆ. ತಂದೆ ಫರ್ಸಿ ಖಣಿಯಲ್ಲಿ ಕೂಲಿ. ಹತ್ತನೇ ಇಯತ್ತೆ ಆದ ಮೇಲೆ ಲಗ್ನದ ಮಾತು ಬೇಡ, ಓದಿಸಿರಿ ಎಂದು ಕೇಳಲು ಹೋಗಿದ್ದೆ. "ನನ್ನ ಬಲ್ಲಿ ಅಕಿಗಿ ಕೊಡ್ಲಾಕ ಏನದರಿ ಸರ್? ಹೊಲ ಇಲ್ಲ, ಮನಿ ಇಲ್ಲ" ಎಂದರು. ನಾನು ಮಾತು ಹುಡುಕುವಷ್ಟರಲ್ಲಿ ಹುಡುಗಿ ಒಳಗಿನಿಂದ ಹೇಳಿದಳು: "ಟೊಂಕದಿಂದ ಎತ್ತಬ್ಯಾಡ, ಕಾಲಿನ ಮ್ಯಾಲ ಏಳು ಅಂತ ನೀನೇ ಹೇಳಿಕೊಟ್ಟಿ ಅಲ್ಲ ಅಪ್ಪ. ಪಿ.ಟಿ. ಸರ್ ಗುಂಡಿಗೂ ಹಂಗೇ ಅಂತಾರ." ಲಗ್ನದ ಮಾತು ಇನ್ನೂ ಮುಗಿದಿಲ್ಲ. ಅವಳು ಕಾಲೇಜು ಸೇರುವವರೆಗೆ ನಾನಂತೂ ಆ ಮನೆಗೆ ಹೋಗುತ್ತಲೇ ಇರುತ್ತೇನೆ. ಸೇಡಂ, ವಾಡಿ ಕಡೆಯ ಉಪಾಸಕಿಯರು ಯಾರಾದರೂ ಒಮ್ಮೆ ನನ್ನ ಜೊತೆ ಬಂದು ಅವಳ ತಾಯಿಯ ಹತ್ತಿರ ಮಾತಾಡಿದರೆ ಉಪಕಾರ.

ಭಾನುವಾರದ ವಂದನೆಯಾದ ಮೇಲೆ ರಾಹುಲೋವಾದ ಸುತ್ತವನ್ನು ಕೂಡಿ ಓದೋಣ. ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.