ಮೂರು ನಿಮಿಷದ ಆಟಕ್ಕೆ ಅಬ್ಬೂರಿನ ತರ್ಕ

ಚನ್ನಪಟ್ಟಣದಲ್ಲಿ ರೈಲು ಹತ್ತಿ ಮೊಬೈಲಿನಲ್ಲಿ ಮೂರು ನಿಮಿಷದ ಚದುರಂಗ ತೆರೆದವನು ರಾಮನಗರ ಬರುವಷ್ಟರಲ್ಲಿ ಎರಡು ಆಟ ಸೋತಿರಬಹುದು. ನಲವತ್ತು ನಡೆಗಳ ಆಟಕ್ಕೆ ಅವನ ಪಾಲಿನ ಹೊತ್ತು 180 ಸೆಕೆಂಡು. ನಡೆಯೊಂದಕ್ಕೆ ನಾಲ್ಕೂವರೆ ಸೆಕೆಂಡು ಬಿತ್ತು. ಅಷ್ಟರಲ್ಲಿ ಕುದುರೆ ಎಗರಿಸಬೇಕೋ ಆನೆ ಸರಿಸಬೇಕೋ ಎಂದು ಕಾಣಬೇಕು, ಕಂಡದ್ದನ್ನು ನಂಬಿ ಬೆರಳೂ ಒತ್ತಬೇಕು. ಹೆಚ್ಚಿನವರು ಎಡವುವುದು ಕಾಣುವಲ್ಲಿ ಅಲ್ಲ, ನಂಬುವಲ್ಲಿ. ಒಳ್ಳೆಯ ನಡೆ ಮೊದಲ ನೋಟಕ್ಕೇ ಹೊಳೆದಿರುತ್ತದೆ. ಉಳಿದ ಹೊತ್ತನ್ನು 'ಇದು ಸರಿಯೇ?' ಎಂಬ ಅನುಮಾನ ತಿಂದುಹಾಕುತ್ತದೆ.

ತಿಳಿದದ್ದು ಸರಿ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೂ ಈ ಸೀಮೆಗೂ ಹಳೆಯ ನಂಟು. ಚನ್ನಪಟ್ಟಣ ತಾಲ್ಲೂಕಿನ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ವೃಂದಾವನವಿದೆ. ಅವರ ಶಿಷ್ಯರು ವ್ಯಾಸತೀರ್ಥರು. ಪುರಂದರದಾಸರ ಗುರುಗಳೆಂದೂ ವಿಜಯನಗರದ ವ್ಯಾಸರಾಯರೆಂದೂ ನಾಡು ಅವರನ್ನು ಬಲ್ಲದು. ಅವರು 1539ರಲ್ಲಿ ವೃಂದಾವನಸ್ಥರಾದರು. ದಾಸರ ಪದಗಳು ಮನೆಮನೆಗೂ ಹೋದವು, ಗುರುಗಳ ತರ್ಕ ಮಾತ್ರ ಪಂಡಿತರ ಮನೆ ದಾಟಲಿಲ್ಲ. ಅವರ 'ತರ್ಕತಾಂಡವ' ಗ್ರಂಥ ಶುರುವಾಗುವುದೇ ಈ ಪ್ರಶ್ನೆಯ ಜಗಳದಿಂದ.

ಎದುರಾಳಿ ಮಿಥಿಲೆಯ ಗಂಗೇಶ, 'ತತ್ತ್ವಚಿಂತಾಮಣಿ'ಯ ಕರ್ತೃ. ಅವನ ನ್ಯಾಯ ಪಂಥದವರಾದ ನೈಯಾಯಿಕರ ವಾದ ಹೀಗೆ: ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದು ಬಾಯಾರಿಕೆ ತಣಿದ ಮೇಲೆ ತಾನೇ ಕಂಡದ್ದು ನೀರೇ ಎಂದು ಖಾತ್ರಿ? ಅರಿವಿನ ಸರಿತನ ಹೊರಗಿನಿಂದ ಗೊತ್ತಾಗತಕ್ಕದ್ದು. ವ್ಯಾಸರಾಯರು ಒಪ್ಪುವುದಿಲ್ಲ. ಒಂದು ಅರಿವಿಗೆ ಇನ್ನೊಂದು ಅರಿವು ಜಾಮೀನು ನಿಲ್ಲಬೇಕಾದರೆ ಆ ಇನ್ನೊಂದಕ್ಕೆ ಮೂರನೆಯದು ಬೇಕು; ಇದಕ್ಕೆ ಕೊನೆಯಿಲ್ಲ, ಶಾಸ್ತ್ರದ ಮಾತಿನಲ್ಲಿ 'ಅನವಸ್ಥೆ'. ಅರಿವು ಸರಿಯೆಂಬುದನ್ನು ಒಳಗಿನ ಸಾಕ್ಷಿಯೇ ಹಿಡಿಯುತ್ತದೆ. ಪರೀಕ್ಷೆ ಬೇಕಾಗುವುದು ಅನುಮಾನ ಬಂದಾಗ ಮಾತ್ರ, ಅದೂ ಸಾಕ್ಷಿಯಲ್ಲಿಗೆ ಬಂದು ನಿಲ್ಲಬೇಕು. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪುವುದಿಲ್ಲ ಎಂಬುದು ವ್ಯಾಸರಾಯರ ಮತದವರಾದ ದ್ವೈತಿಗಳ ಪಟ್ಟು.

ಮೂರು ನಿಮಿಷದ ಆಟದಲ್ಲಿ ಅನವಸ್ಥೆ ಕಣ್ಣಿಗೇ ಕಾಣುತ್ತದೆ. ನೋಡಿದ್ದನ್ನೇ ಮತ್ತೆ ನೋಡುತ್ತ ಕೂತವನ ಗಡಿಯಾರ ಸೊನ್ನೆಗೆ ಬರುತ್ತದೆ. ಎರಡು ಕಾಯಿ ಹೆಚ್ಚಿಟ್ಟುಕೊಂಡೇ ಸೋಲುತ್ತಾನೆ.

ಇನ್ನೂ ಒಂದು ಸೊಗಸಿದೆ. ದ್ವೈತದಲ್ಲಿ ಕಾಲವನ್ನು ಅರಿಯುವುದೂ ಸಾಕ್ಷಿಯೇ. ಕಣ್ಣಿಗಾಗಲಿ ಕಿವಿಗಾಗಲಿ ಅದು ಸಿಕ್ಕುವುದಿಲ್ಲ. ಗಾಢನಿದ್ದೆಯಿಂದ ಎದ್ದವನು 'ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ' ಅನ್ನುತ್ತಾನಲ್ಲ, ಆ ಹೊತ್ತನ್ನು ಕಂಡವರಾರು ಎಂದು ದ್ವೈತಿಗಳು ಕೇಳುತ್ತಾರೆ. ಪಳಗಿದ ಆಟಗಾರನೂ ಗಡಿಯಾರದತ್ತ ಕಣ್ಣು ಹಾಯಿಸುವ ಮುನ್ನವೇ ಹೊತ್ತು ಮೀರಿತೆಂದು ಬಲ್ಲ.

ಹಾಗಾದರೆ ಖಚಿತವಾಗಿ ಅನ್ನಿಸಿದ ನಡೆಯೂ ಮಂತ್ರಿಯನ್ನೇ ಕಳೆಯುತ್ತದಲ್ಲ? ಗಂಗೇಶನ ಕಡೆಯವರು ಇಲ್ಲಿ ನಗುತ್ತಾರೆ. ನಗುವುದಕ್ಕೆ ಕಾರಣವೂ ಇದೆ. ಅದು ಮನಸ್ಸಿನ ಚಪಲ, ಸಾಕ್ಷಿಯ ನಿರ್ಣಯವಲ್ಲ ಎಂದರೆ ಆಡುವ ಹೊತ್ತಿನಲ್ಲಿ ಎರಡನ್ನೂ ಬೇರೆ ಮಾಡುವುದು ಹೇಗೆ? ನೈಯಾಯಿಕರಲ್ಲೇ ಇದಕ್ಕೊಂದು ಸುಳಿವಿದೆ. ಪಳಗಿದ ವಿಷಯದ ಅರಿವನ್ನು ಅವರು 'ಅಭ್ಯಾಸದಶೆ' ಎಂದು ಬೇರೆಯೇ ಇಡುತ್ತಾರೆ. ಅಲ್ಲಿ ಫಲಕ್ಕೆ ಕಾಯದೆ ನಂಬಬಹುದು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇದು ದಿನಾ ನಡೆಯುವ ವ್ಯವಹಾರ. ನೂಲು ಬಿಚ್ಚುವ ರೀಲರುಗಳು ಒಂದು ಹಿಡಿ ಗೂಡು ಎತ್ತಿ ಒತ್ತಿ ನೋಡಿ ಮುಂದಿನ ಲಾಟಿಗೆ ಹೋಗುತ್ತಾರೆ. ಗೂಡು ಒಡೆದು ಚಿಟ್ಟೆ ಹೊರಬಂದರೆ ನೂಲು ಕೆಟ್ಟಿತು, ಕಾಯುವಂತಿಲ್ಲ. ಹರಾಜು ಮೊಬೈಲಿಗೆ ಬಂದ ಮೇಲೂ ಬೆಲೆ ಕಟ್ಟುವುದು ಆ ಬೆರಳುಗಳೇ. ಚದುರಂಗದಲ್ಲಿ ಇದನ್ನೇ 1973ರಲ್ಲಿ ವಿಲಿಯಂ ಚೇಸ್, ಹರ್ಬರ್ಟ್ ಸೈಮನ್ ಪ್ರಯೋಗ ಮಾಡಿ ತೋರಿಸಿದರು. ನಿಜವಾದ ಆಟದ ಮಣೆಯನ್ನು ಐದು ಸೆಕೆಂಡು ತೋರಿಸಿದರೆ ನುರಿತವರು ನೆನಪಿನಿಂದಲೇ ಹೆಚ್ಚಿನ ಕಾಯಿಗಳನ್ನು ಅವವುಗಳ ಮನೆಯಲ್ಲೇ ಇಟ್ಟರು. ಅಡ್ಡಾದಿಡ್ಡಿ ಜೋಡಿಸಿದ ಮಣೆಯ ಮುಂದೆ ಹೊಸಬರಿಗಿಂತ ಅವರೇನೂ ಮೇಲಾಗಲಿಲ್ಲ. ಅವರಲ್ಲಿದ್ದದ್ದು ಹೆಚ್ಚಿನ ನೆನಪಿನ ಶಕ್ತಿಯಲ್ಲ, ಕಂಡು ಕಂಡು ಪರಿಚಯವಾದ ಜೋಡಣೆಗಳು.

ದಿನಕ್ಕೆ ಐವತ್ತು ಆಟ ಆಡಿದರೆ ತಾನಾಗಿ ಈ ಪರಿಚಯ ಬರುವುದೆಂಬುದು ಭ್ರಮೆ. ನೋಡದೆ ಆಡಿದ ಐವತ್ತು ಆಟ ತಪ್ಪನ್ನೇ ಪಳಗಿಸುತ್ತದೆ, ಆಮೇಲೆ ಆ ತಪ್ಪೂ ಸಾಕ್ಷಿಯ ವೇಷ ತೊಟ್ಟು ಬರುತ್ತದೆ. ಆಡುವಾಗ ವ್ಯಾಸರಾಯರ ಮಾತು ನಡೆಯಲಿ, ಅನುಮಾನ ಬಂದ ಕಡೆ ಒಂದೇ ಪರೀಕ್ಷೆ ಸಾಕು. ಆಟ ಮುಗಿದ ಮೇಲೆ ಗಂಗೇಶನಿಗೆ ಕಿವಿಗೊಡಬೇಕು: ಸ್ಟಾಕ್‌ಫಿಶ್ ಎಂಬ ಚದುರಂಗದ ತಂತ್ರಾಂಶ ತೆರೆದು ನೀರು ನೀರೇ ಹೌದೋ ನೋಡಬೇಕು. ತೆರೆಯುವ ಮುನ್ನ ಒಂದು ಕೆಲಸ ಮಾಡಿ. ಯಾವ ನಡೆಯಲ್ಲಿ ಅನುಮಾನ ಬಂದಿತ್ತು, ಯಾವುದರಲ್ಲಿ ಬರಲಿಲ್ಲ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ.