ಬದುವಿಲ್ಲದ ಹೊಲ

ಹೊಲಕ್ಕೆ ಗೊಬ್ಬರ ಹಾಕುವುದು ಒಕ್ಕಲಿಗನ ಧರ್ಮ. ಕಡಲಿಗೆ ಗೊಬ್ಬರ ಹಾಕುವುದು ಯಾರ ಧರ್ಮ? ಇದು ನಗೆಯ ಮಾತಲ್ಲ. 2009ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರೂ ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಸಂಸ್ಥೆಯವರೂ ಕೂಡಿ, ‘ಪೋಲಾರ್‌ಸ್ಟರ್ನ್’ ಎಂಬ ಹಡಗಿನಲ್ಲಿ ದಕ್ಷಿಣ ಮಹಾಸಾಗರಕ್ಕೆ ಹೋಗಿ, ಸುಮಾರು 300 ಚದರ ಕಿಲೋಮೀಟರಿನಷ್ಟು ನೀರಿಗೆ ಕಬ್ಬಿಣದ ಲವಣವನ್ನು ಕರಗಿಸಿ ಬಿಟ್ಟರು. ‘ಲೋಹಾಫೆಕ್ಸ್’ ಎಂದು ಆ ಪ್ರಯೋಗದ ಹೆಸರು.

ಅಲ್ಲಿಯ ನೀರಿನಲ್ಲಿ ನೈಟ್ರೇಟೂ ಫಾಸ್ಫೇಟೂ ಬೇಕಾದಷ್ಟಿವೆ, ಕೊರತೆ ಕಬ್ಬಿಣದ್ದು. ಅದು ತುಸು ಸಿಕ್ಕರೆ ಸಾಕು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೆಳೆಯುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರುತ್ತದೆ. ಸತ್ತು ತಳಕ್ಕಿಳಿದರೆ ಭೂಮಿಯ ಕಾವನ್ನು ಹೆಚ್ಚಿಸುವ ಆ ಇಂಗಾಲವೂ ಆಳದಲ್ಲಿ ಅಡಗುತ್ತದೆ. ಲೆಕ್ಕ ಇದು; ಆದದ್ದು ಬೇರೆ. ಪಾಚಿಯೇನೋ ಬೆಳೆಯಿತು, ಸಣ್ಣ ಜಲಜೀವಿಗಳು ಅದನ್ನು ಮೇಯ್ದುಬಿಟ್ಟವು. ತಳಕ್ಕಿಳಿದದ್ದು ಅತ್ಯಲ್ಪ.

ಒಂದು ವೇಳೆ ಲೆಕ್ಕ ಸರಿಹೋಗಿದ್ದರೆ? ಆಗಲಾದರೂ ಮಾಡಬಹುದಾಗಿತ್ತೇ? ನನ್ನ ಪ್ರಶ್ನೆ ಇದು.

ನಾನು ಬೈಲಹೊಂಗಲದ ಕಡೆಯವನು, ಮಲಪ್ರಭೆಯ ಸೀಮೆಯವನು. ಸವದತ್ತಿಯ ನವಿಲುತೀರ್ಥದಲ್ಲಿ ನದಿಗೆ ಅಣೆಕಟ್ಟು ಬಿದ್ದ ಮೇಲೆ ಎರೆಭೂಮಿಗೆ ಕಾಲುವೆ ಬಂತು. ಅದರೊಡನೆ ಎರಡು ಪಾಠಗಳೂ ಬಂದವು. ಮೇಲಿನವನು ಹೆಚ್ಚು ನೀರು ತಿರುಗಿಸಿಕೊಂಡರೆ ಕಾಲುವೆಯ ಕೊನೆಯವನ ಹೊಲ ಒಣಗುತ್ತದೆ. ಅತಿಯಾಗಿ ನೀರು ಕುಡಿದ ಎರೆ ಸವಳು-ಜವಳಾಗುತ್ತದೆ. ಕಡಲಿನಲ್ಲಿಯೂ ಹೀಗೆಯೇ. ಇಲ್ಲಿಯ ಪಾಚಿ ಉಂಡ ನೈಟ್ರೇಟು ಪ್ರವಾಹದೊಡನೆ ದೂರದ ನೀರಿಗೆ ಸಲ್ಲಬೇಕಾದದ್ದು. ಅಲ್ಲಿಯ ಮೀನಿಗೂ ಮೀನುಗಾರನಿಗೂ ಅಷ್ಟು ಕೊರತೆ. ಕೊಳೆಯುವ ಪಾಚಿ ಆಳದ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ.

ಆದರೆ ಒಂದು ಭೇದವುಂಟು. ನಮ್ಮಲ್ಲಿ ನೆರೆಯವನ ಬದು ಒತ್ತಿದರೆ ಹಿರಿಯರು ಕೂಡುತ್ತಾರೆ, ಕೋರ್ಟಿದೆ. ಕಾಲುವೆಯ ರೈತ ಎದ್ದು ಕೂಗಬಲ್ಲ. 1980ರಲ್ಲಿ ನವಲಗುಂದ, ನರಗುಂದಗಳ ರೈತರು ನೀರಾವರಿ ಕರದ ವಿರುದ್ಧ ಎದ್ದಾಗ ನಾಡೆಲ್ಲ ಕೇಳಿತು. ಕಡಲಿಗೆ ಬದುವಿಲ್ಲ. ಕಳೆದುಕೊಂಡವನಿಗೆ, ತನ್ನ ಪಾಲು ಹೋಯಿತೆಂಬುದೇ ತಿಳಿಯದು.

ಹೊಗೆಯನ್ನು ಗಾಳಿಗೆ ಬಿಡುವಾಗ ಯಾರನ್ನು ಕೇಳಿದೆವು ಎನ್ನುವವರುಂಟು. ನಿಜ. ಆದರೆ ಕೇಳದೆ ಮಾಡಿದ ಒಂದು ತಪ್ಪು, ಕೇಳದೆ ಮಾಡುವ ಇನ್ನೊಂದಕ್ಕೆ ಪರವಾನಗಿಯಾಗದು. 2008ರಲ್ಲಿ ಲಂಡನ್ ಒಪ್ಪಂದದ ರಾಷ್ಟ್ರಗಳು, ಶಾಸ್ತ್ರೀಯ ಸಂಶೋಧನೆಗಲ್ಲದೆ ಕಡಲಿಗೆ ಹೀಗೆ ಗೊಬ್ಬರ ಹಾಕಕೂಡದೆಂದು ಗೊತ್ತುಮಾಡಿದವು. ಲೋಹಾಫೆಕ್ಸಿನ ಹಡಗು ಹೊರಟ ಮೇಲೂ ಜರ್ಮನ್ ಸರಕಾರ ಅಪ್ಪಣೆಯನ್ನು ತಡೆಹಿಡಿದು ವಿಚಾರಿಸಿತು. ಈ ಗೆರೆ ಸರಿಯೆಂದೇ ನನಗೆ ತೋರುತ್ತದೆ. ತಿಳಿಯಬೇಕೆಂದು ಹಾಕಿದ ಕಬ್ಬಿಣ ಬೇರೆ. ಹೊಗೆಯ ಸಾಲ ತೀರಿತೆಂದು ಹೇಳಿಕೊಳ್ಳಲು ಹಡಗುಗಟ್ಟಲೆ ಸುರಿಯುವ ಕಬ್ಬಿಣ ಬೇರೆ.

ಆ ವಿಜ್ಞಾನಿಗಳು ಎಣಿಸಿದ ಫಲ ಬರಲಿಲ್ಲವೆಂಬುದನ್ನು ಬಚ್ಚಿಡದೆ ಜಗತ್ತಿಗೆ ಹೇಳಿದರು. ಅಷ್ಟರಮಟ್ಟಿಗೆ ಅವರ ಕಬ್ಬಿಣ ವ್ಯರ್ಥವಾಗಲಿಲ್ಲ.