ಮನುವಿನ ಮಡಕೆ, ಕ್ಲೌನ್‌ಫಿಶ್ ಮರಿ

ಮನೆಯಲ್ಲಿ ಕ್ಲೌನ್‌ಫಿಶ್ ಮರಿ ಮಾಡಿಸುವವರು ಉಪ್ಪುನೀರಿನ ತೊಟ್ಟಿಯೊಳಗೆ ಒಂದು ಸಾದಾ ಮಣ್ಣಿನ ಕುಂಡ ಇಡುವುದುಂಟು. ಕಡಲಿನಲ್ಲಾದರೆ ಈ ಮೀನು ಅನಿಮೋನ್ ಎಂಬ ಜೀವಿಯ ಆಸರೆಯಲ್ಲಿ ಬಾಳುತ್ತದೆ, ಅದರ ಬುಡದ ಬಂಡೆಯನ್ನು ಬಾಯಿಂದ ಕಚ್ಚಿ ಕಚ್ಚಿ ಹಸನು ಮಾಡಿ ಮೊಟ್ಟೆ ಇಡುತ್ತದೆ. ತೊಟ್ಟಿಯಲ್ಲಿ ಕುಂಡವೇ ಬಂಡೆ. ಹೆಣ್ಣು ಕಿತ್ತಳೆ ಬಣ್ಣದ ನೂರಾರು ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ಆಮೇಲಿನ ಆರೈಕೆ ಹೆಚ್ಚಾಗಿ ಗಂಡಿನದು. ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತ ಅದು ಕುಂಡದ ಪಕ್ಕದಲ್ಲೇ ಇರುತ್ತದೆ. ದಿನ ಕಳೆದಂತೆ ಕಿತ್ತಳೆ ಬಣ್ಣ ಮಂಕಾಗುತ್ತದೆ. ಕೊನೆಗೆ ಒಂದೊಂದು ಮೊಟ್ಟೆಯೊಳಗಿಂದಲೂ ಜೋಡಿ ಬೆಳ್ಳಿಕಣ್ಣು ಹೊಳೆಯತೊಡಗುತ್ತದೆ. ಬೆಚ್ಚನೆಯ ನೀರಿನಲ್ಲಿ ಏಳೆಂಟು ದಿನಕ್ಕೆ, ದೀಪ ಆರಿಸಿದ ಒಂದೆರಡು ಗಂಟೆಯೊಳಗೆ, ಕತ್ತಲಲ್ಲಿ ಮರಿಗಳು ಹೊರಬೀಳುತ್ತವೆ.

ಮೀನಿನ ಮರಿ, ಮಣ್ಣಿನ ಪಾತ್ರೆ, ಅದನ್ನು ಕಾಯುವ ಮನುಷ್ಯ. ಈ ಮೂರೂ ಸೇರಿದ ಕತೆ ನಮ್ಮಲ್ಲಿ ಬಹಳ ಹಳೆಯದು. ಮತ್ಸ್ಯಾವತಾರವೆಂದು ಪುರಾಣಗಳು ಬೆಳೆಸಿದ ಆ ಪ್ರಸಂಗ ಶತಪಥ ಬ್ರಾಹ್ಮಣದಲ್ಲಿ ಇನ್ನೂ ಪುಟ್ಟದಾಗಿದೆ, ಮನೆಯ ಅಂಗಳದಲ್ಲಿ ನಡೆದಂತಿದೆ. ಬೆಳಗ್ಗೆ ಕೈತೊಳೆಯಲು ತಂದ ನೀರಿನಲ್ಲಿ ಮನುವಿನ ಬೊಗಸೆಗೆ ಒಂದು ಮರಿಮೀನು ಬಂದುಬಿಡುತ್ತದೆ. ತನ್ನನ್ನು ಸಾಕು, ಮುಂದೆ ನಿನ್ನನ್ನು ಪ್ರಳಯದಿಂದ ಪಾರುಮಾಡುತ್ತೇನೆ ಎನ್ನುತ್ತದೆ. ಹೇಗೆ ಸಾಕಬೇಕೆಂಬುದನ್ನೂ ಅದೇ ಹೇಳಿಕೊಡುತ್ತದೆ. ಚಿಕ್ಕವರಾಗಿರುವಷ್ಟು ಕಾಲ ನಮಗೆ ಸಾವು ಹೆಚ್ಚು, ಮೀನೇ ಮೀನನ್ನು ನುಂಗುತ್ತದೆ. ಆದ್ದರಿಂದ ಮೊದಲು ಮಡಕೆಯಲ್ಲಿಡು, ಮಡಕೆ ಸಾಲದಾದಾಗ ಗುಂಡಿ ತೋಡಿ ಅದರಲ್ಲಿ ಬಿಡು, ಅದೂ ಸಾಲದಾದಾಗ ಕಡಲಿಗೆ ಒಯ್ಯಿ.

ಮರಿ ಸಾಕಿದವರಿಗೆ ಈ ಮಾತಿನ ನಿಖರತೆ ತಕ್ಷಣ ತಿಳಿಯುತ್ತದೆ. ಆಗತಾನೆ ಹೊರಬಂದ ಕ್ಲೌನ್‌ಫಿಶ್ ಮರಿ ಮೂರು ನಾಲ್ಕು ಮಿಲಿಮೀಟರ್ ಉದ್ದ, ಹೆಚ್ಚುಕಡಿಮೆ ಪಾರದರ್ಶಕ. ಹೆತ್ತವರ ತೊಟ್ಟಿಯಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಫಿಲ್ಟರಿನ ಸೆಳೆತಕ್ಕೋ ಇನ್ನೊಂದು ಮೀನಿನ ಬಾಯಿಗೋ ಹೋಗಿರುತ್ತದೆ. ಅದಕ್ಕೇ ಮೊಟ್ಟೆ ಒಡೆಯುವ ಸಂಜೆ ಕುಂಡವನ್ನು ಬೇರೆ ತೊಟ್ಟಿಗೆ ಸಾಗಿಸುತ್ತಾರೆ. ಗಂಡುಮೀನಿನ ರೆಕ್ಕೆಯ ಬದಲು ಅಲ್ಲಿ ಗಾಳಿಯ ಗುಳ್ಳೆಗಳು ಮೊಟ್ಟೆಗಳ ಮೇಲೆ ನೀರು ಆಡಿಸುತ್ತವೆ. ಕೆಲವರು ಕತ್ತಲಲ್ಲಿ ಟಾರ್ಚ್ ಹಿಡಿದು, ಬೆಳಕಿಗೆ ಮುತ್ತಿದ ಮರಿಗಳನ್ನು ಲೋಟದಲ್ಲಿ ಎತ್ತಿಕೊಳ್ಳುತ್ತಾರೆ. ಮನು ಮಾಡಿದ್ದೂ ಇದನ್ನೇ.

ಆದರೆ ಎರಡಕ್ಕೂ ಒಂದು ದೊಡ್ಡ ಅಂತರವಿದೆ. ಮನುವಿನ ಮೀನು ಕೇಳಿಕೊಂಡಿತ್ತು. ಕ್ಲೌನ್‌ಫಿಶ್ ಮರಿ ಏನನ್ನೂ ಕೇಳಿಲ್ಲ. ಅದು ಹುಟ್ಟಿದ್ದೇ ಸಾಕುವವನ ಇಚ್ಛೆಯಿಂದ, ಉಳಿದದ್ದೂ ಅವನ ಇಚ್ಛೆಯಿಂದ. ಹಾಗಾದರೆ ಅವನು ಅದಕ್ಕೆ ಎಷ್ಟು ಬದ್ಧ, ಎಲ್ಲಿಯವರೆಗೆ ಬದ್ಧ?

ಶತಪಥ ಬ್ರಾಹ್ಮಣವೇ ಮನುವಿನ ಕತೆಗೆ ಸ್ವಲ್ಪ ಹಿಂದೆ ಋಣದ ಮಾತನ್ನು ಎತ್ತುತ್ತದೆ. ಹುಟ್ಟಿದ ಮನುಷ್ಯ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಸಹಮಾನವರಿಗೆ ಸಾಲಗಾರ. ಹುಟ್ಟಿದವನು ತೀರಿಸಬೇಕಾದ ಋಣಗಳಿವು. ಹುಟ್ಟಿಸಿದವನು ಹುಟ್ಟಿದ್ದಕ್ಕೆ ತೀರಿಸಬೇಕಾದ ಋಣಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಕ್ಲೌನ್‌ಫಿಶ್ ಸಾಕುವವನ ಮುಂದಿರುವುದು ಹೆಸರಿಲ್ಲದ ಈ ಋಣ.

ಮೊದಲ ಕಂತು ಮೊದಲ ದಿನವೇ ಬರುತ್ತದೆ. ಮರಿಯ ಪುಟ್ಟ ಬಾಯಿಗೆ ಚಲಿಸುವ ಆಹಾರವೇ ಬೇಕು. ಅದಕ್ಕಾಗಿ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನು ಬಕೆಟ್ಟುಗಳಲ್ಲಿ ಬೆಳೆಸುತ್ತಾರೆ, ಆ ರೋಟಿಫರ್‌ಗೆ ತಿನ್ನಲು ಹಸಿರು ಪಾಚಿಯನ್ನು ಬೆಳೆಸುತ್ತಾರೆ. ಮಿಲಿಲೀಟರಿಗೆ ಹತ್ತರಂತೆ ಹಿಡಿದರೂ 20 ಲೀಟರ್ ತೊಟ್ಟಿಗೆ ಎರಡು ಲಕ್ಷ ಜೀವಿಗಳು ಬೇಕು. ಮರಿಗಳು ತಿಂದಂತೆಲ್ಲ ಮತ್ತೆ ತುಂಬಬೇಕು. ವಾರ, ಹತ್ತು ದಿನ ಕಳೆದ ಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಗಳ ಸರದಿ. ಮನುವಿನ ಮೀನು ಹೇಳಿದ, ಮೀನು ಮೀನನ್ನು ನುಂಗುವ ನಿಯಮವನ್ನೇ ಕೌಟಿಲ್ಯ ಮತ್ಸ್ಯನ್ಯಾಯವೆಂದು ಕರೆದ, ಅದನ್ನು ತಡೆಯುವುದು ರಾಜದಂಡದ ಕೆಲಸವೆಂದ. ಸಾಕುವವನು ಮತ್ಸ್ಯನ್ಯಾಯದಿಂದ ಮರಿಯನ್ನು ಕಾಪಾಡುವುದು ಅದೇ ನ್ಯಾಯವನ್ನು ಇನ್ನೊಂದು ಬಕೆಟ್ಟಿನಲ್ಲಿ ನಡೆಸಿ. ಯಾವ ಜೀವ ಉಣ್ಣಬೇಕು, ಯಾವುದು ಉಣಿಸಾಗಬೇಕು ಎಂಬ ತೀರ್ಮಾನ ಅವನ ಕೈಗೆ ಬಂದಿರುತ್ತದೆ.

ಜೈನ ಚಿಂತನೆಯ ಮುಂದೆ ಈ ಕಾರ್ಯ ಸುಲಭವಾಗಿ ಪಾರಾಗದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧನ, ಹೊಡೆತ, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು. ಕೊಲ್ಲದಿದ್ದರೂ ಕಟ್ಟಿಹಾಕುವುದು ತಪ್ಪು, ಮತ್ತು ಆ ಪಟ್ಟಿಯಲ್ಲಿ ಅದೇ ಮೊದಲನೆಯದು. ಗಾಜಿನ ತೊಟ್ಟಿಯನ್ನು ಬಂಧನವಲ್ಲ ಎನ್ನುವುದು ಕಷ್ಟ. ಅದೇ ಗ್ರಂಥ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಂದರೆ ಮನಸ್ಸಿನ ಎಚ್ಚರಗೇಡಿತನದಲ್ಲಿ ಕಾಣುತ್ತದೆ. ಮರಿತೊಟ್ಟಿಯಲ್ಲಿ ಆ ಮಾತು ಕಣ್ಣಿಗೇ ಕಾಣುತ್ತದೆ. ತಳದ ಕಸ ತೆಗೆಯಲು ಒಂದು ದಿನ ತಪ್ಪಿದರೆ ಅಮೋನಿಯಾ ಏರುತ್ತದೆ, ರೋಟಿಫರ್ ಬಕೆಟ್ಟು ಕೆಟ್ಟರೆ ಮರಿಗಳು ಉಪವಾಸ ಬೀಳುತ್ತವೆ, ಬೆಳಗ್ಗೆ ನೋಡಿದರೆ ತಳದಲ್ಲಿ ಬಿಳಿಯ ಎಳೆಗಳಂತೆ ಸತ್ತು ಬಿದ್ದಿರುತ್ತವೆ.

ಇನ್ನೊಂದು ಕಡೆಯ ವಾದಕ್ಕೂ ನಿಜವಾದ ತೂಕವಿದೆ. ಅಕ್ವೇರಿಯಂಗೆಂದು ಹವಳದ ದಿಬ್ಬಗಳಿಂದ ಮೀನು ಹಿಡಿಯಲು ಫಿಲಿಪೀನ್ಸ್‌ನಲ್ಲಿ 1960ರ ದಶಕದಿಂದ ಸಯನೈಡ್ ಚಿಮ್ಮಿಸುತ್ತ ಬಂದರು. ಮತ್ತೇರಿದ ಮೀನಿನ ಜತೆಗೆ ಸುತ್ತಲಿನ ಹವಳವೂ ಸತ್ತಿತು. ಅಲ್ಲಿನ ಸೆಬು ಪ್ರದೇಶದ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಿಡಿಯುವ ಜಾಗಗಳಲ್ಲಿ ಅನಿಮೋನ್ ಮತ್ತು ಕ್ಲೌನ್‌ಫಿಶ್ ಎರಡೂ ವಿರಳವಾಗಿರುವುದನ್ನು ತೋರಿಸಿತು. ಫ್ಲಾರಿಡಾದಲ್ಲಿ ಮಾರ್ಟಿನ್ ಮೋ 1970ರ ದಶಕದಲ್ಲೇ ಕ್ಲೌನ್‌ಫಿಶ್‌ಗಳನ್ನು ಮಾರಾಟದ ಮಟ್ಟದಲ್ಲಿ ಮರಿ ಮಾಡಿಸಿದರು. 1998ರಲ್ಲಿ ಜಾಯ್ಸ್ ವಿಲ್ಕರ್ಸನ್ ಬರೆದ ಪುಸ್ತಕ ಆ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿತು. ಭಾರತದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರ ಇದರಲ್ಲಿ ಪಳಗಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನನ್ನು ಕೊಂಡವರು ಕಡಲಿನ ಮೀನಿಗೆ ಕೈಚಾಚುವುದಿಲ್ಲ. ಮನೆಯಲ್ಲಿ ಮರಿ ಮಾಡಿಸುವುದಕ್ಕೆ ಗಟ್ಟಿಯಾದ ಸಮರ್ಥನೆ ಇದೊಂದೇ. ಆದರೆ ಇದು ಕಡಲಿನಲ್ಲಿ ಉಳಿದ ಮೀನಿಗೆ ಸಂದ ಉಪಕಾರ. ತೊಟ್ಟಿಯಲ್ಲಿರುವ ಮರಿಯ ಲೆಕ್ಕ ಅದರಿಂದ ಚುಕ್ತಾ ಆಗದು.

ಮನುವಿನ ಸಾಕಣೆಗೆ ಮೂರು ಪಾತ್ರೆಗಳಿದ್ದವು, ಕೊನೆಯದು ಕಡಲು. ಮನೆಯ ಮರಿಗೆ ಆ ಮೂರನೆಯದು ಇಲ್ಲ. ಪ್ರೀತಿಯಿಂದ ಕಡಲಿಗೆ ಬಿಟ್ಟರೂ ಅದು ತಪ್ಪೇ; ತೊಟ್ಟಿಯ ರೋಗವನ್ನೂ ಆರಿಸಿ ಬೆಳೆಸಿದ ತಳಿಗುಣಗಳನ್ನೂ ಅದು ಅಲ್ಲಿಗೆ ಒಯ್ಯಬಹುದು. ಆ ಮೂರನೆಯ ಪಾತ್ರೆ ಎಂಥದು ಎಂಬುದಕ್ಕೆ ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ನಡೆದ ಅಧ್ಯಯನವೊಂದನ್ನು ನೋಡಬೇಕು. ಅಲ್ಲಿ ಗುರುತು ಹಚ್ಚಿದ ಕ್ಲೌನ್‌ಫಿಶ್ ಸಂತತಿಯ ಜಾಡು ಹಿಡಿದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಕಾರ, ಪುಟ್ಟ ದ್ವೀಪವೊಂದರ ದಿಬ್ಬಕ್ಕೆ ಬಂದು ನೆಲೆಸಿದ ಮರಿಗಳಲ್ಲಿ ಸುಮಾರು ಶೇ. 60ರಷ್ಟು ಅಲ್ಲೇ ಹುಟ್ಟಿದವು. ಹತ್ತು ಹನ್ನೆರಡು ದಿನ ತೆರೆದ ನೀರಿನಲ್ಲಿ ಅಲೆದೂ ಅವು ಹುಟ್ಟಿದ ದಿಬ್ಬಕ್ಕೇ ಬಂದಿದ್ದವು.

ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಜನ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಾರೆ, ಹಿಡಿಯುವುದಿಲ್ಲ. ಅಲ್ಲಿ ಕಾಯುವವರಿದ್ದಾರೆ, ಒಡೆಯರಿಲ್ಲ. ಮೀನು ಬೇಕೆಂದಾಗ ನದಿಯ ಆಳಕ್ಕೆ ಹೋಗಬಲ್ಲದು. ತೊಟ್ಟಿಯ ಮೀನಿಗೆ ಹಾಗೆ ಹೋಗಲು ಜಾಗವಿಲ್ಲ, ಆದ್ದರಿಂದ ಅದನ್ನು ಕಾಯುವ ಹೊಣೆ ಇನ್ನಷ್ಟು ಭಾರ.

ಆ ಭಾರಕ್ಕೆ ವರ್ಷಗಳ ಲೆಕ್ಕವಿದೆ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್‌ಫಿಶ್ ಇಪ್ಪತ್ತು ವರ್ಷ ದಾಟಿ ಬದುಕಬಲ್ಲದು. ಒಗ್ಗಿದ ಜೋಡಿ ಎರಡು ವಾರಕ್ಕೊಮ್ಮೆ ಎಂಬಂತೆ ಮೊಟ್ಟೆ ಇಡುತ್ತಲೇ ಇರುತ್ತದೆ. ಎಲ್ಲ ಕ್ಲೌನ್‌ಫಿಶ್‌ಗಳೂ ಮೊದಲು ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಎರಡು ಹೆಣ್ಣುಗಳು ಒಂದೇ ತೊಟ್ಟಿಯಲ್ಲಿ ಬಾಳಲಾರವು. ಮರಿಗಾಲದಲ್ಲಿ ಗುಂಪಾಗಿ ಇದ್ದವನ್ನು ಬೆಳೆದಂತೆ ಬೇರೆ ಬೇರೆ ಮಾಡಲೇಬೇಕು. ಕಿವಿರುಮುಚ್ಚಳ ಗಿಡ್ಡವಾದ, ಬಾಯಿ ಸೊಟ್ಟಗಾದ ಮರಿಗಳೂ ಇರುತ್ತವೆ. ಅವನ್ನು ಯಾರೂ ಕೊಳ್ಳುವುದಿಲ್ಲ, ಆದರೆ ಅವಕ್ಕೂ ಹಸಿವಿದೆ.

ಆದ್ದರಿಂದ ಈ ಕೆಲಸವನ್ನು ಮನಸ್ಸಿಟ್ಟು ಮಾಡುವವರು ಎಲ್ಲ ಮೊಟ್ಟೆಗಳನ್ನೂ ಉಳಿಸಲು ಹೋಗುವುದಿಲ್ಲ. ಹಲವು ಸಲ ಕುಂಡವನ್ನು ಇದ್ದಲ್ಲೇ ಬಿಡುತ್ತಾರೆ, ಆ ರಾತ್ರಿಯ ಮರಿಗಳು ತೊಟ್ಟಿಯಲ್ಲೇ ಮುಗಿದುಹೋಗುತ್ತವೆ. ಇನ್ನು ಕೆಲವು ಸಲ, ಬೆಳ್ಳಿಕಣ್ಣು ಹೊಳೆದ ಸಂಜೆ, ಮೊದಲೇ ಮಾತಾಡಿಟ್ಟ ಮನೆಗಳನ್ನು ಎಣಿಸುತ್ತಾರೆ: ಯಾರ ತೊಟ್ಟಿ ಸಿದ್ಧವಿದೆ, ಯಾರು ಎಷ್ಟು ಕೊಂಡೊಯ್ಯುತ್ತಾರೆ, ಉಳಿದವನ್ನು ತಾವೇ ಎಷ್ಟು ವರ್ಷ ನೋಡಿಕೊಳ್ಳಬಲ್ಲರು. ಲೆಕ್ಕ ಕೂಡಿದರೆ ಕುಂಡವನ್ನು ಮೆಲ್ಲನೆ ಎತ್ತಿ ಪಕ್ಕದ ತೊಟ್ಟಿಗೆ ಸಾಗಿಸಿ, ಗಾಳಿಯ ಕೊಳವೆ ಸರಿಪಡಿಸಿ, ದೀಪ ಆರಿಸುತ್ತಾರೆ.